ಲೆಕ್ಕದ ಮಶೀನಿಗೊಂದು ಮಣೆ

ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ ಚಾದರು ಮಾರುವ ಮನೆತನದಲ್ಲಿ ಹುಟ್ಟಿದವನು ಕಲ್ಯಾಣಪ್ಪ. ಆದರೆ ಚಾದರು ಕಂಡರೆ ಅವನಿಗೆ ನಿದ್ದೆ ಬರುತ್ತಿತ್ತು, ಅದೂ ಹೊದ್ದುಕೊಳ್ಳುವ ಮೊದಲೇ. ಗಾದಿಯ ಮೇಲೆ ಕುಳಿತು ಗಿರಾಕಿಯ ಮುಂದೆ ಮಾಲು ಬಿಚ್ಚಿ ಹಾಸುವಾಗಲೂ ಅವನ ಕಿವಿ ಎದುರಿನ ಚಹಾದಂಗಡಿಯ ರೇಡಿಯೋದ ಕಡೆಗೇ. “ಹರದದ, ಪೂರಾ ಹರದದ” ಎಂದು ತನ್ನಷ್ಟಕ್ಕೆ ಗೊಣಗುವನು. ಅದು ಆ ರೇಡಿಯೋದ ಸ್ಪೀಕರಿನ ಕಾಗದದ ಮಾತು. ಗಿರಾಕಿ ಪಾಪ, ಕೈಯಲ್ಲಿದ್ದ ಚಾದರನ್ನು ಬೆಳಕಿಗೆ ಹಿಡಿದು ತೂತು ಹುಡುಕಿ, ಸಿಗದೆ, ಸಂಶಯದಿಂದಲೇ ಎದ್ದು ಹೋಗುವನು.

ಗಾದಿಯ ಇನ್ನೊಂದು ತುದಿಯಲ್ಲಿ ಕೂತ ಅಣ್ಣ ಶಾಂತಲಿಂಗಪ್ಪ ಇದನ್ನೆಲ್ಲ ನೋಡಿ ಹಲ್ಲು ಕಡಿಯುತ್ತಿದ್ದ. ತಂದೆ ತೀರಿಕೊಂಡ ಮೇಲೆ ಅಂಗಡಿಯನ್ನೂ ತಮ್ಮನನ್ನೂ ಒಟ್ಟಿಗೇ ಹೆಗಲಿಗೆ ಹಾಕಿಕೊಂಡವನು ಅವನು. ಅಂಗಡಿ ಹೇಳಿದ ಹಾಗೆ ಕೇಳಿ ಬೆಳೆಯಿತು. ತಮ್ಮ ಮೂವತ್ತು ದಾಟಿ, ಮದುವೆಯಾಗಿ, ಮೀಸೆಯಲ್ಲಿ ಒಂದೆರಡು ಬಿಳಿಕೂದಲು ಬಂದರೂ ಸ್ಕ್ರೂಡ್ರೈವರ್ ಬಿಡಲಿಲ್ಲ.

ವಿಜಾಪುರ ರಸ್ತೆಯಲ್ಲಿದ್ದ ಅವರ ಮನೆಯ ಮಾಳಿಗೆಯ ಮೇಲೆ ಒಂದು ಮೂಲೆ ಅವನ ರಾಜ್ಯ. ಅಲ್ಲಿ ಹೊಟ್ಟೆ ಬಗೆಸಿಕೊಂಡ ರೇಡಿಯೋಗಳು, ತಂತಿಯ ಉಂಡೆಗಳು, ತವರದ ಬೆಸುಗೆ ಹಾಕುವ ಒಂದು ಕಡ್ಡಿ. ಮನೆಯವರೆಲ್ಲ ಅದನ್ನು ‘ಸುಡುವ ಕಡ್ಡಿ’ ಎಂದೇ ಕರೆಯುತ್ತಿದ್ದರು, ಏಕೆಂದರೆ ಅದು ಎಲ್ಲರನ್ನೂ ಒಂದೊಂದು ಸಲ ಸುಟ್ಟಿತ್ತು. ನೆರೆಮನೆಯ ಮುದುಕಿ ಸುಗಲಾಬಾಯಿಯ ರೇಡಿಯೋ ಅವನ ಕೈಯಿಂದ ರಿಪೇರಿಯಾದ ಮೇಲೆ ಒಂದೇ ಸ್ಟೇಷನ್ ಹಿಡಿಯುತ್ತಿತ್ತು. ಆದರೆ ಆಕೆ ಕೇಳುತ್ತಿದ್ದುದೂ ಅದೊಂದನ್ನೇ, ಹೀಗಾಗಿ ಓಣಿಯಲ್ಲಿ ಅವನ ಹೆಸರು ಉಳಿಯಿತು.

ಕಲ್ಯಾಣಪ್ಪನಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ. ಮನೆಯ ರಸ್ತೆ ಕಡೆಯ ಖೋಲಿ, ಅದರಲ್ಲಿ ತನ್ನದೊಂದು ರೇಡಿಯೋ ಅಂಗಡಿ. ಆ ಖೋಲಿಯಲ್ಲಿ ಹಳೆಯ ಮಾಲಿನ ಗಂಟುಗಳು ಬಿದ್ದಿದ್ದವು, ಕೀಲಿ ಅಣ್ಣನ ಸೊಂಟದಲ್ಲಿತ್ತು.

ಎಪ್ಪತ್ತಾರನೇ ಇಸವಿ, ಗಣಪತಿ ಹೋದ ಮರುವಾರ, ಮುಂಬೈಯಿಂದ ಅಂಗಡಿಗೆ ಒಂದು ಮಶೀನು ಬಂತು. ಅಮೇರಿಕಾದ ಕ್ಯಾಲ್ಕ್ಯುಲೇಟರು. ತಗಡಿನ ಬೂದು ಮೈ, ಸಾಲಾಗಿ ಗುಂಡಿಗಳು, ಒತ್ತಿದರೆ ಕಿಟಕಿಯಲ್ಲಿ ಹಸಿರು ಅಂಕಿಗಳು ಫಕ್ಕನೆ ಹೊತ್ತಿಕೊಳ್ಳುತ್ತಿದ್ದವು. ಶಾಂತಲಿಂಗಪ್ಪ ಅದಕ್ಕೆ ಯಾವಾಗಲೂ ತನಗೆ ಮೊದಲೇ ಬಾಯಿಲೆಕ್ಕದಲ್ಲಿ ಬಂದ ಉತ್ತರವನ್ನೇ ಕೇಳುತ್ತಿದ್ದ. ಮಶೀನು ಅದನ್ನೇ ಹೇಳಿದಾಗ ಸುತ್ತಲೂ ನೋಡಿ, “ಬರೋಬ್ಬರಿ ಹೇಳತದ, ಶಾಣ್ಯಾ ಅದ” ಎಂದು ಅದರ ಬೆನ್ನು ಚಪ್ಪರಿಸುತ್ತಿದ್ದ.

ಒಂದೇ ಒಂದು ತಾಪತ್ರಯ. ಆ ದೇಶದ ಕರೆಂಟು ನಮ್ಮ ಕರೆಂಟಿನ ಅರ್ಧ ಜೋರಿನದು. ನಮ್ಮ ಗೋಡೆಗೆ ನೇರ ಹಚ್ಚಿದರೆ ಮಶೀನು ಅಲ್ಲೇ ಶಿವಾಯ ನಮಃ. ಅದಕ್ಕೇ ಅದರ ಜೊತೆಗೆ ಕರೆಂಟು ಇಳಿಸುವ ಒಂದು ಕಬ್ಬಿಣದ ಡಬ್ಬಿಯೂ ಬಂದಿತ್ತು. ಎರಡು ಇಟ್ಟಿಗೆಯಷ್ಟು ದೊಡ್ಡದು, ಇಡೀ ದಿನ ಗುಂಯ್ಯೆನ್ನುವುದು, ಮಧ್ಯಾಹ್ನಕ್ಕೆ ಬಿಸಿಯಾಗಿ ಗಾದಿಯ ಬಿಳಿಯ ಹೊದಿಕೆಗೆ ಕಂದು ಕಲೆ ಮಾಡುವುದು.

“ಮಶೀನ್ ರಾಣಿ ಇದ್ದಂಗ ಅದ, ಈ ಡಬ್ಬಿ ಆಕಿ ಹಿಂದ ಎಮ್ಮಿ ಕಟ್ಟಿದಂಗ ಕಾಣತದ” ಎಂದ ಶಾಂತಲಿಂಗಪ್ಪ. “ಗಿರಾಕಿ ಮುಂದ ಚಂದ ಕಾಣಂಗಿಲ್ಲ. ಏ ಕಲ್ಯಾಣಿ, ಇದನ್ನ ಮಶೀನಿನ ಹೊಟ್ಟಿಯೊಳಗ ಕೂಡಸಾಕ ಬರ್ತದೇನೋ?”

“ಬರ್ತದ್ರಿ ಅಣ್ಣಾ. ಬರದ ಎಲ್ಲಿ ಹೋಗತದ?” ಎಂದ ಕಲ್ಯಾಣಪ್ಪ. ಹೊಟ್ಟೆಯೊಳಗೆ ಏನಿದೆಯೆಂದು ಅವನಿನ್ನೂ ನೋಡಿಯೇ ಇರಲಿಲ್ಲ.

ಶಾಂತಲಿಂಗಪ್ಪ ಹುಬ್ಬು ಗಂಟಿಕ್ಕಿ ತಮ್ಮನನ್ನು ನೋಡಿದ. “ನವರಾತ್ರಿಯೊಳಗ ಮಾಡಿ ಕೊಟ್ಟಿ ಅಂದ್ರ ರಸ್ತಾ ಕಡಿ ಖೋಲಿ ನಿಂದು. ರೇಡಿಯೋ ಅಂಗಡಿ ಹಾಕು, ನಾ ಅಡ್ಡ ಬರಂಗಿಲ್ಲ. ಕೆಡಿಸಿದಿ ಅಂದ್ರ ಮಾತ್ರ ಆ ಸುಡೂ ಕಡ್ಡಿ ತಂದು ನನ್ನ ಕೈಯಾಗ ಕೊಡಬೇಕು. ಆಮ್ಯಾಲ ಜಿಂದಗಿಭರ ಗಾದಿ. ಕಬೂಲ್?”

“ಕಬೂಲ್ರಿ!” ಎಂದವನು ಅಂದು ಮನೆಗೆ ನಡೆದು ಹೋಗಲಿಲ್ಲ, ಹಾರಿಯೇ ಹೋದ. ಹೆಂಡತಿ ಉಮಾಬಾಯಿ ಮರುದಿನವೇ ಬೋರ್ಡಿಗೆ ಬಣ್ಣ ಆರಿಸಿದಳು. ನೀಲಿ. ಮೇಲೆ ಮರಾಠಿಯಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ ಸಣ್ಣದಾಗಿ, ‘ಕಲ್ಯಾಣ ರೇಡಿಯೋ’.

ಮಶೀನನ್ನು ಬಿಚ್ಚಿ ನೋಡಿದಾಗ ಅವನ ಹಾರಾಟ ಸ್ವಲ್ಪ ಇಳಿಯಿತು. ಒಳಗೆ ಅಮೇರಿಕಾದವರು ತಮ್ಮ ಕರೆಂಟಿಗೆ ಸುತ್ತಿದ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇತ್ತು. ಅದನ್ನು ತೆಗೆದು ಅದೇ ಜಾಗದಲ್ಲಿ ನಮ್ಮ ಕರೆಂಟಿನದು ಕೂಡಿಸಿದರೆ ಹೊರಗಿನ ಡಬ್ಬಿಯೇ ಬೇಡ. ಉಪಾಯವೇನೋ ಸರಿ. ಅಳತೆ ತೆಗೆದುಕೊಂಡು ಎಸ್‌ಟಿ ಬಸ್ಸು ಹತ್ತಿ ಅಕ್ಕಲಕೋಟೆಗೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಬಾವಿಯ ಪಂಪುಗಳ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಖಂಡಪ್ಪ ಅವನ ಶಾಲೆಯ ಗೆಳೆಯ.

ಟ್ರಾನ್ಸ್‌ಫಾರ್ಮರ್ ಎಂದರೆ ಎರಡು ಸುರುಳಿ. ಒಂದರಲ್ಲಿ ಬೀದಿಯ ಕರೆಂಟು ಹರಿಯುತ್ತದೆ, ಇನ್ನೊಂದರಲ್ಲಿ ಪಳಗಿದ ಕರೆಂಟು ಹುಟ್ಟುತ್ತದೆ. ನಡುವೆ ಕಾಗದದ ಪರದೆ, ಒಂದಕ್ಕೊಂದು ಮೈ ತಾಗುವುದಿಲ್ಲ. ಬೀದಿಯ ಪುಂಡ ಬೀದಿಯಲ್ಲೇ ಉಳಿಯುತ್ತಾನೆ, ಮನೆಯೊಳಕ್ಕೆ ಬರುವುದಿಲ್ಲ. ಖಂಡಪ್ಪ ಚೊಕ್ಕವಾಗಿ ಸುತ್ತಿಕೊಟ್ಟ. ಆದರೆ ಪಂಪಿನ ಕೈ, ಸ್ವಲ್ಪ ದಪ್ಪ ಸುತ್ತಿತ್ತು. ಸೊಲ್ಲಾಪುರಕ್ಕೆ ತಂದು ಕೂಡಿಸಿದರೆ ಮಶೀನಿನ ಮುಚ್ಚಳ ಒಂದು ಬೆರಳಿನಷ್ಟು ಮೇಲೆ ನಿಂತಿತು. ಒತ್ತಿದ, ತಿರುಗಿಸಿದ, ಅಡ್ಡ ಮಲಗಿಸಿದ, ಬೈದ. ಮುಚ್ಚಳ ಮುಚ್ಚಲಿಲ್ಲ.

ಮತ್ತೆ ಅಕ್ಕಲಕೋಟೆ. “ತೆಳ್ಳನ ತಗಡಿನ ಪತ್ತಿ ತರಸಬೇಕು ಪುಣೆದಿಂದ” ಎಂದ ಖಂಡಪ್ಪ. “ದಸರಾ ಆಗಲಿ, ನೋಡೂಣು.”

“ದಸರಾ ಆದಮ್ಯಾಲ ತಗೊಂಡು ನಾ ಏನು ಮಾಡ್ಲಿ? ಅಣ್ಣ ನವರಾತ್ರಿಯೊಳಗ ಅಂದಾನ” ಎಂದ ಕಲ್ಯಾಣಪ್ಪ, ಎರಡು ಗುಟುಕು ಚಹಾ ಕುಡಿಯುವಷ್ಟರಲ್ಲಿ ಅವನ ಕಣ್ಣು ಹೊಳೆದವು. “ಖಂಡ್ಯಾ, ಹಳೇ ವಾಲ್ವ್ ರೇಡಿಯೋ ನೆನಪದಾವೇನು? ಅವಕ್ಕ ಟ್ರಾನ್ಸ್‌ಫಾರ್ಮರ್ ಎಲ್ಲಿತ್ತು? ಬೀದಿ ಕರೆಂಟ ಸೀದಾ ಒಳಗ ತಗೊಂಡು, ಜೋರ ಒಂದಷ್ಟು ತಿಂದು ಹಾಕ್ತಿದ್ದವು. ನಾ ಒಂದು ಕಂಡೆನ್ಸರ್ ಹಾಕಿ ಹಂಗ ಮಾಡ್ತೀನಿ. ಅಗದೀ ಸಣ್ಣದು. ಮುಚ್ಚಳ ಗಪ್ಪನ ಕೂಡತದ.”

“ಆ ರೇಡಿಯೋಕ್ಕ ಕಟ್ಟಿಗಿ ಪೆಟ್ಟಿಗಿ ಇರ್ತಿತ್ತಲೋ. ಇದರ ಮೈ ತಗಡು ಅಂತಿ” ಎಂದ ಖಂಡಪ್ಪ.

“ನಡೀತದ ಬಿಡೋ.”

“ನಡೀತದಂದ್ರ ನಡೀತದ” ಎಂದು ಖಂಡಪ್ಪನೂ ಸುಮ್ಮನಾದ. ಅವನು ಸುತ್ತಿಕೊಡುವ ಪಂಪುಗಳನ್ನು ಯಾರೂ ಪ್ರೀತಿಯಿಂದ ಮೈದಡವುವುದಿಲ್ಲವಲ್ಲ, ಮುಟ್ಟುವವರ ಕೈಯ ಚಿಂತೆ ಮಾಡುವ ರೂಢಿ ಅವನಿಗೂ ಇರಲಿಲ್ಲ.

ಅಂಥ ಕಂಡೆನ್ಸರ್ ತಟ್ಟನೆ ಎಲ್ಲಿ ಸಿಗಬೇಕು? ಕಲ್ಯಾಣಪ್ಪನ ಮಲಗುವ ಖೋಲಿಯ ಫ್ಯಾನಿನಲ್ಲಿ ಸಿಕ್ಕಿತು. ಅದನ್ನು ಬಿಚ್ಚಿಕೊಂಡ ಮೇಲೆ ಫ್ಯಾನು ತಾನಾಗಿ ಹೊರಡುವುದನ್ನು ನಿಲ್ಲಿಸಿತು. ಉಮಾಬಾಯಿ ಮಂಚದ ಮೇಲೆ ನಿಂತು ಬಟ್ಟೆ ಒಣಹಾಕುವ ಕೋಲಿನಿಂದ ಒಂದು ತಿರುವು ಕೊಟ್ಟರೆ ಮಾತ್ರ ಮುಲುಗುತ್ತಾ ತಿರುಗುವುದು. “ನಿಮ್ಮ ಅಂಗಡಿ ಆಗೂತನಕ ನಾ ಗಾಳಿನೂ ರಟ್ಟಿಲೇ ಹಾಕ್ಕೋಬೇಕೇನ್ರಿ?” ಎಂದು ಅವಳು ಬಯ್ದಳು. ಬಯ್ಯುತ್ತಲೇ ಕೋಲು ಎತ್ತಿಕೊಂಡಳು, ಏಕೆಂದರೆ ನೀಲಿ ಬೋರ್ಡು ಅವಳ ಕಣ್ಣಿಗೂ ಕಟ್ಟಿತ್ತು.

ಮುಚ್ಚಳ ಮುಚ್ಚಿತು. ಮಶೀನನ್ನು ಅಂಗಡಿಗೆ ತಂದು, ಗಾದಿಯ ಮೇಲೆ ಚಕ್ಕಳಮಕ್ಕಳ ಕುಳಿತು, ತಂತಿಯನ್ನು ಗೋಡೆಗೆ ಹಚ್ಚಿದ. ಹಸಿರು ಸೊನ್ನೆ ಹೊತ್ತಿತು. ಎರಡಕ್ಕೆ ಎರಡು ಕೂಡಿಸಿದ, ನಾಲ್ಕು ಬಂತು. ಖುಷಿಗೆ ಇನ್ನೊಮ್ಮೆ ಕೂಡಿಸಿದ. ಆಮೇಲೆ ರೂಢಿಯಂತೆ ಕಿಸೆಯಿಂದ ಟೆಸ್ಟರು ತೆಗೆದು ಮಶೀನಿನ ತಗಡಿಗೆ ಮುಟ್ಟಿಸಿದ. ಕರೆಂಟು ಇದ್ದರೆ ಮಾತ್ರ ಹತ್ತುವ ಟೆಸ್ಟರಿನ ಹೊಟ್ಟೆಯ ದೀಪ ಮಿಣಿಮಿಣಿ ಎಂದಿತು. ಮಂದವಾಗಿ, ಆದರೆ ಎಂದಿತು.

ಕಲ್ಯಾಣಪ್ಪ ಟೆಸ್ಟರು ತಿರುಗಿಸಿ ಮತ್ತೊಮ್ಮೆ ಮುಟ್ಟಿಸಿದ, ಮತ್ತೆ ಮಿಣಿಮಿಣಿ. ಬೆರಳು ಇಟ್ಟು ನೋಡಿದ. ಏನೂ ಇಲ್ಲ. ಇಡೀ ಅಂಗೈ ಇಟ್ಟು ನೋಡಿದ. ಏನೂ ಇಲ್ಲ. ‘ಹೊರಗಿನ ಹುಸಿ ಮಿಣುಕು, ಅಷ್ಟೇ’ ಎಂದು ತನಗೆ ತಾನೇ ಹೇಳಿಕೊಂಡು ಟೆಸ್ಟರನ್ನು ಕಿಸೆಗೆ ಹಾಕಿದ. ಕೂತಿರುವುದು ಗೇಣು ದಪ್ಪದ ಒಣ ಹತ್ತಿಯ ಗಾದಿಯ ಮೇಲೆ, ಅದರ ಮೇಲೆ ಕೂತವನ ಮೈಯಿಂದ ಕರೆಂಟು ನೆಲಕ್ಕೆ ಇಳಿಯಲು ದಾರಿಯೇ ಇಲ್ಲ ಎಂಬುದು ರೇಡಿಯೋ ಬಿಚ್ಚುವ ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಹುಟ್ಟಿದಾಗಿನಿಂದ ಅದರ ಮೇಲೆ ಕೂತವನಿಗೆ ಗಾದಿ ನೆಲವೇ ಆಗಿಬಿಟ್ಟಿತ್ತು. ಶಾಂತಲಿಂಗಪ್ಪನೂ ಅಲ್ಲೇ ಕೂರುವವನು, ಗಿರಾಕಿಗಳೂ ಅಲ್ಲೇ ಕೂರುವವರು. ಹೀಗಾಗಿ ಎಲ್ಲರೂ ಮಶೀನನ್ನು ಮುಟ್ಟಿದರು, ಯಾರಿಗೂ ಏನೂ ಆಗಲಿಲ್ಲ.

ಶಾಂತಲಿಂಗಪ್ಪನ ಸಂತೋಷ ಹೇಳತೀರದು. ಎಮ್ಮೆ ಹೋಗಿ ರಾಣಿಯೊಬ್ಬಳೇ ಉಳಿದಿದ್ದಳು. ಖೋಲಿಯೊಳಗಿನ ಗಂಟುಗಳನ್ನು ಹೊರಹಾಕಿಸಿ, ಸುಣ್ಣ ಹೊಡೆಸಿದ. “ದಸರಾ ದಿನಾ ಬನ್ನಿ ಕೊಟ್ಟು ಕೀಲಿ ತಗೋ” ಎಂದ.

ದಸರೆಯ ಹಿಂದಿನ ದಿನ ಖಂಡೇನವಮಿ. ಅಂದು ಸೊಲ್ಲಾಪುರದಲ್ಲಿ ಯಾವ ಹತ್ಯಾರಕ್ಕೂ ಕೆಲಸವಿಲ್ಲ, ಎಲ್ಲಕ್ಕೂ ಪೂಜೆ. ಬೆಳಿಗ್ಗೆಯೇ ಅಂಗಡಿಯ ಆಳು ಧೂಳಪ್ಪ ಹೋಟಗಿಯಿಂದ ಗಾಡಿ ಹಿಡಿದು ಬಂದು, ಗಾದಿಗಳನ್ನೆಲ್ಲ ಸುರುಳಿ ಸುತ್ತಿ ಬಿಸಿಲಿಗೆ ಹಾಕಿ, ಬಾವಿಯ ನೀರು ಹೊತ್ತು ಶಹಾಬಾದಿ ಕಲ್ಲಿನ ನೆಲವನ್ನು ಗಸಗಸ ತೊಳೆದ. ಗಜಕೋಲು, ಕತ್ತರಿ, ತಕ್ಕಡಿ, ಸೈಕಲ್ಲು ಎಲ್ಲ ಸಾಲಾಗಿ ನಿಂತವು. ನಡುವೆ ಡೆಸ್ಕಿನ ಮೇಲೆ ಚೆಂಡುಹೂವಿನ ಮಾಲೆ ಹಾಕಿಕೊಂಡು ಮಶೀನು. “ಅಂಕಿ ಹತ್ತಲಿ. ದೇವರ ಮುಂದ ಕಣ್ಣು ಮುಚ್ಚಿ ಕೂಡಬಾರದು” ಎಂದು ಶಾಂತಲಿಂಗಪ್ಪನೇ ಸ್ವಿಚ್ಚು ಒತ್ತಿದ.

ವೈನಿ ಸಾವಿತ್ರಿಬಾಯಿ ಬಂದಳು. ಶಾಂತಲಿಂಗಪ್ಪನ ಹೆಂಡತಿ, ಮನೆಯ ಯಜಮಾನಿ. ಕಲ್ಯಾಣಪ್ಪ ಚಡ್ಡಿ ಹಾಕುತ್ತಿದ್ದಾಗ ಈ ಮನೆಗೆ ಬಂದವಳು, ಅವನಿಗೆ ಅರ್ಧ ತಾಯಿ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲು ಗಂಟು ಹಾಕಿದ್ದಳು. ಬರಿಗಾಲು, ಒದ್ದೆ ನೆಲ, ಕೈಯಲ್ಲಿ ಆರತಿ ತಟ್ಟೆ. ಹಿಂದೆ ನೀರಿನ ತಂಬಿಗೆ ಹಿಡಿದ ಉಮಾಬಾಯಿ, ಅವಳ ಹಿಂದೆ ಸುಗಲಾಬಾಯಿ. ಗಜಕೋಲಿಗೆ ಕುಂಕುಮವಾಯಿತು, ತಕ್ಕಡಿಗಾಯಿತು. ಬೆರಳನ್ನು ನೀರಿನಲ್ಲಿ ಅದ್ದಿ, ವಿಭೂತಿ ಕಲಸಿ, ಸಾವಿತ್ರಿಬಾಯಿ ಮಶೀನಿನ ಹಣೆಗೆ ಮೂರು ಬೆರಳು ಎಳೆಯಲು ಹೋದಳು.

“ಯವ್ವಾ!”

ತಟ್ಟೆ ಸೂರಿಗೆ ಹಾರಿತು. ಕುಂಕುಮ ಧೂಳಪ್ಪನ ತಲೆಯ ಮೇಲೆ ಬಿತ್ತು. ಸಾವಿತ್ರಿಬಾಯಿ ಹಿಂದಕ್ಕೆ ಜಗ್ಗಿದಂತಾಗಿ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಮುಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು, “ಸಳಕ್ ಅಂತು... ಮೈಯೆಲ್ಲಾ ಝುಂ ಅಂತು...” ಎಂದಳು.

ಮೊದಲು ಬಾಯಿ ಬಂದದ್ದು ಸುಗಲಾಬಾಯಿಗೆ. “ಅಂಬಾಬಾಯಿ ಬಂದಾಳ! ಒಂಬತ್ತನೇ ದಿನಾ ತುಳಜಾಪುರದ ತಾಯಿ ಬಂದಾಳ! ಆಯೀ ಉಧೋ ಉಧೋ!” ಎಂದು ಅವಳು ಕೂಗಿದಳು. ಅಕ್ಕಪಕ್ಕದ ಅಂಗಡಿಯವರು ಓಡಿ ಬಂದರು. ಕೈಗಳು ಮುಗಿದವು. “ಉಧೋ ಉಧೋ” ಎಂಬ ಘೋಷ ಪೇಟೆಯ ತುದಿ ಮುಟ್ಟಿತು.

ಶಾಂತಲಿಂಗಪ್ಪನ ಕಣ್ಣಲ್ಲಿ ನೀರು. ವ್ಯವಹಾರದ ಮನುಷ್ಯ, ಅಷ್ಟು ಸುಲಭಕ್ಕೆ ಕರಗುವವನಲ್ಲ, ಆದರೆ ಅಂದು ಕರಗಿದ. “ನಮ್ಮ ಅಂಗಡ್ಯಾಗ ತಾಯಿ ಬಂದು ಕುಂತಳಲ್ಲೋ! ಎಲ್ಲಾ ನಿನ್ನ ಕೈಗುಣ ಕಲ್ಯಾಣಿ! ಕೀಲಿಗೆ ನಾಳಿತನಕ ಯಾಕ ಕಾಯೂದು, ಇವತ್ತs ತಗೋ” ಎಂದು ಸೊಂಟಕ್ಕೆ ಕೈ ಹಾಕಿದ.

ಕಲ್ಯಾಣಪ್ಪ ಕೀಲಿಗೆ ಕೈ ಚಾಚಲಿಲ್ಲ. ಅವನಿಗೊಬ್ಬನಿಗೇ ಗೊತ್ತಿತ್ತು, ಬಂದವಳು ಯಾವ ತಾಯಿಯೂ ಅಲ್ಲ. ಟೆಸ್ಟರಿನ ಮಿಣಿಮಿಣಿ ದೀಪ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ನೋಡುತ್ತಾನೆ, ಉಮಾಬಾಯಿ ತಂಬಿಗೆ ಕೆಳಗಿಟ್ಟು, ಒದ್ದೆ ಕೈ ಎರಡನ್ನೂ ಚಾಚಿ, ಭಕ್ತಿಯಿಂದ ಕಣ್ಣು ಮುಚ್ಚಿ, ಮಶೀನಿನ ಹತ್ತಿರ ಹೋಗುತ್ತಿದ್ದಾಳೆ.

ಅವನು ಹಾರಿದ ಹಾರಿಕೆಗೆ ಗಜಕೋಲು ಒಂದು ಕಡೆ, ತಕ್ಕಡಿ ಒಂದು ಕಡೆ. ಗೋಡೆಯ ತಂತಿಯನ್ನು ಬುಡಸಮೇತ ಕಿತ್ತ. ಹಸಿರು ಸೊನ್ನೆ ಆರಿತು. “ಉಧೋ” ಎನ್ನುತ್ತಿದ್ದವರು ಅರ್ಧಕ್ಕೇ ನಿಂತರು.

“ಯಾಕ ಆರಿಸಿದ್ಯೋ ಮಾರಾಯಾ?” ಎಂದ ಶಾಂತಲಿಂಗಪ್ಪ.

ಇಲ್ಲಿಯೇ ನೋಡಿ, ಕಲ್ಯಾಣಪ್ಪನ ಬಾಯಿಗೆ ಬಹಳ ಸವಿಯಾದ ಒಂದು ಮಾತು ಬಂದಿತ್ತು. ‘ತಾಯಿ ಶಾಂತ ಆದಳು, ಇನ್ನ ಮುಟ್ಟಬಾರದು’ ಎಂದರೆ ಸಾಕು. ಎಲ್ಲರೂ ಒಪ್ಪುತ್ತಾರೆ. ಕೀಲಿ ಅಣ್ಣನ ಬೆರಳ ತುದಿಯಲ್ಲೇ ಇದೆ. ನಾಳೆ ನೀಲಿ ಬೋರ್ಡು ಏರುತ್ತದೆ. ಮಶೀನನ್ನು ಆಮೇಲೆ ಸದ್ದಿಲ್ಲದೆ ಸರಿಪಡಿಸಿದರಾಯಿತು. ಅವನು ಬಾಯಿ ತೆರೆದೂ ತೆರೆದ.

ಅದೇ ಹೊತ್ತಿಗೆ ಸಾವಿತ್ರಿಬಾಯಿ ಸಾವರಿಸಿಕೊಂಡು ಎದ್ದಳು. ಬೆರಳ ತುದಿ ಕೆಂಪಾಗಿತ್ತು. ಅದನ್ನು ಕಣ್ಣಿಗೊತ್ತಿಕೊಂಡು, “ನನ್ನ ಪುಣ್ಯಾ, ನನ್ನ ಪುಣ್ಯಾ” ಎಂದಳು. “ನಾಳೆ ಕೂಸಿನ್ನ ಎರದು ಕರಕೊಂಡು ಬರ್ತೀನಿ. ಅದರ ಕೈಲೇನೂ ತಾಯಿನ್ನ ಮುಟ್ಟಸ್ತೀನಿ.”

ಕೂಸು ಎಂದರೆ ಅವಳ ಮೊಮ್ಮಗಳು. ಬಾಣಂತನಕ್ಕೆ ಬಂದ ಮಗಳ ಮಡಿಲಲ್ಲಿ ಇನ್ನೂ ಕತ್ತು ನಿಲ್ಲದ ಗೇಣುದ್ದದ ಜೀವ.

“ಬ್ಯಾಡ್ರಿ ವೈನಿ!” ಎಂದು ಕಲ್ಯಾಣಪ್ಪ ಚೀರಿದ. ಅಷ್ಟು ದೊಡ್ಡ ದನಿ ಅವನದೆಂದು ಅವನಿಗೇ ಗೊತ್ತಿರಲಿಲ್ಲ. “ಅದು ತಾಯಿ ಅಲ್ರಿ, ಕರೆಂಟ್! ನಾ ಮಾಡಿದ ಮಣ್ಣತಿನ್ನೂ ಕೆಲಸ. ಮುಚ್ಚಳ ಮುಚ್ಚವಲ್ದಂತ ಬೀದಿ ಕರೆಂಟ ಸೀದಾ ಒಳಗ ಬಿಟ್ಟೀನಿ. ಗಾದಿ ಮ್ಯಾಲ ಕುಂತು ಮುಟ್ಟಿ ನೋಡೀನಿ, ಅದಕ್ಕs ಗೊತ್ತಾಗಲಿಲ್ಲ. ಟೆಸ್ಟರ್ ಹೇಳಿತ್ತು, ನಾ ಕೇಳಲಿಲ್ಲ. ಇನ್ನೊಂದೀಟು ಹಿಡದಿದ್ರ ನೀವು ಸಾಯ್ತಿದ್ರಿ.”

ಪೇಟೆಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಚದುರಿದರು. ಸುಗಲಾಬಾಯಿ ಮಾತ್ರ, “ಕರೆಂಟಿನ್ಯಾಗೂ ತಾಯಿ ಇರ್ತಾಳ” ಎಂದು ಗೊಣಗುತ್ತಾ ಹೋದಳು. ಶಾಂತಲಿಂಗಪ್ಪ ಕೀಲಿಯನ್ನು ಗೊಂಚಲಿಗೆ ತಿರುಗಿ ಹಾಕಿದ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸುಡೂ ಕಡ್ಡಿ ತಂದು ಕೊಡು” ಎಂದ, ಅಷ್ಟೇ.

ಅಂದೇ ಕಡ್ಡಿ ತಿಜೋರಿ ಸೇರಿತು. ಖೋಲಿಗೆ ಹಳೆಯ ಗಂಟುಗಳು ಮರಳಿ ಬಂದವು, ಹೊಸ ಸುಣ್ಣದ ಮೇಲೆ. ಉಮಾಬಾಯಿ ಆಗಲೇ ಬರೆಸಿಟ್ಟಿದ್ದ ನೀಲಿ ಬೋರ್ಡನ್ನು ಮಂಚದ ಕೆಳಗೆ ಸರಿಸಿ, ಕೋಲು ತೆಗೆದುಕೊಂಡು ಫ್ಯಾನು ತಿರುವಿದಳು. ಕಲ್ಯಾಣಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತುಬಿಟ್ಟ. ಖೋಲಿ ಹೋದದ್ದಕ್ಕೆ ಅತ್ತನೋ, ಹೆಂಡತಿಯ ಚಾಚಿದ ಒದ್ದೆ ಕೈ ನೆನೆದು ಅತ್ತನೋ, ಎರಡೂ ಇದ್ದವು.

ಮರುದಿನ ದಸರೆ. ಬನ್ನಿ ಕೊಟ್ಟು ದೊಡ್ಡವರ ಕಾಲಿಗೆ ಬೀಳುವ ದಿನ. ಕಲ್ಯಾಣಪ್ಪ ವೈನಿಯ ಕಾಲಿಗೆ ಬಿದ್ದವನು ಏಳಲೇ ಇಲ್ಲ. ಸಾವಿತ್ರಿಬಾಯಿ ಅವನ ಕಿವಿ ಹಿಡಿದು ಎಬ್ಬಿಸಿದಳು, ಚಿಕ್ಕವನಿದ್ದಾಗ ಮಾಡಿದ ಹಾಗೆ.

“ನಿನ್ನೆ ನೀ ಬಾಯಿ ಮುಚ್ಕೊಂಡು ಕುಂತಿದ್ರ, ಇಷ್ಟೊತ್ತಿಗೆ ನಾ ಕೂಸಿನ ಕೈ ಹಿಡದು ಅದಕ್ಕ ಮುಟ್ಟಸ್ತಿದ್ದೆ” ಎಂದಳು. ಆಮೇಲೆ ಗಂಡನ ಕಡೆ ತಿರುಗಿ, “ಏನ್ರಿ, ಆ ಕಡ್ಡಿ ಕೊಡ್ರಿ ಅವಗ. ಕೆಡಿಸಿದವ ಅವನs, ಸುಧಾರಸವನೂ ಅವನs” ಎಂದಳು.

“ಮತ್ತ ಯಾರನ್ನರೆ ಕೊಂದರ?” ಎಂದ ಶಾಂತಲಿಂಗಪ್ಪ.

“ಮೊದಲ ಅವನs ಮುಟ್ಟಿ ತೋರಸಲಿ. ಗಾದಿ ಮ್ಯಾಲ ಅಲ್ಲ, ನಾ ನಿಂತಿದ್ನಲ್ಲ, ಅಲ್ಲಿ ನಿಂತು.”

ಕಡ್ಡಿ ಹೊರಬಂತು. ಖೋಲಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. “ಮುಂದಿನ ಖಂಡೇನವಮಿ ಬರಲಿ, ಆಮ್ಯಾಲ ನೋಡೂಣು” ಎಂದುಬಿಟ್ಟ ಶಾಂತಲಿಂಗಪ್ಪ. ಒಂದು ವರ್ಷ!

ಖಂಡಪ್ಪ ಸುತ್ತಿಕೊಟ್ಟ ದಪ್ಪ ಟ್ರಾನ್ಸ್‌ಫಾರ್ಮರ್ ಮಾಳಿಗೆಯಲ್ಲಿ ಬಿದ್ದಿತ್ತು. ಕಲ್ಯಾಣಪ್ಪ ಅದನ್ನು ಮತ್ತೆ ಮಶೀನಿನ ಹೊಟ್ಟೆಗೆ ಹಿಡಿದು ನೋಡಿದ. ಅದೇ ಒಂದು ಬೆರಳು. ಮಾಳಿಗೆಗೆ ಚಹಾ ತಂದ ಸಾವಿತ್ರಿಬಾಯಿ ಸ್ವಲ್ಪ ಹೊತ್ತು ಅವನ ಒದ್ದಾಟ ನೋಡಿದಳು.

“ಹೊಟ್ಟಿಯೊಳಗs ಯಾಕ ತುರುಕತೀಯೋ? ಹೊರಗ ಕಾಣಬಾರದು ಅಷ್ಟ ಹೌದಲ್ಲೋ? ದೇವರನ್ನ ಬರೇ ನೆಲದ ಮ್ಯಾಲ ಯಾರು ಕೂಡಸ್ತಾರ? ಮಣಿ ಹಾಕಿ ಕೂಡಸ್ತಾರ. ಇದಕ್ಕೂ ಒಂದು ಮಣಿ ಮಾಡಸು. ಆ ಕಬ್ಬಿಣದ ಮುದ್ದಿ ಮಣಿಯೊಳಗ ಕುಂಡರಲಿ.”

ಕಲ್ಯಾಣಪ್ಪ ಚಹಾ ಕುಡಿಯುವುದನ್ನೇ ಮರೆತ. ಸಾಗವಾನಿಯಲ್ಲಿ ಟೊಳ್ಳು ಮಣೆಯೊಂದನ್ನು ಮಾಡಿಸಿದ. ಬಿಸಿ ಹೊರಹೋಗಲು ಸುತ್ತಲೂ ಜಾಲಿ, ನಾಲ್ಕು ಪುಟ್ಟ ಕಾಲು, ಮೂಲೆಗೆ ಕಮಲದ ಕೆತ್ತನೆ. ಫ್ಯಾನಿನ ಕಂಡೆನ್ಸರನ್ನು ಕಿತ್ತು ಫ್ಯಾನಿಗೇ ಮರಳಿಸಿದ. ಉಮಾಬಾಯಿ ಅಂದು ಕೋಲನ್ನು ಹಿತ್ತಲಿಗೆ ಒಯ್ದು ಎಸೆದಳು. ಟ್ರಾನ್ಸ್‌ಫಾರ್ಮರ್ ಮಣೆಯೊಳಗೆ ಕೂತಿತು. ಅದರ ದಾರಿಯಲ್ಲಿ ಒಂದು ಫ್ಯೂಜು, ತಪ್ಪಾದರೆ ಮೊದಲು ತಾನು ಸುಟ್ಟುಕೊಳ್ಳುವಂಥದು. ಎರಡು ಕಡ್ಡಿಯ ಪ್ಲಗ್ಗು ಹೋಗಿ ಮೂರು ಕಡ್ಡಿಯದು ಬಂತು. ಮೂರನೆಯ ತಂತಿ ಮಶೀನಿನ ತಗಡಿನಿಂದ ಹೊರಟು ಅಂಗಡಿಯ ಹಿತ್ತಲಲ್ಲಿ ಇದ್ದಿಲು, ಉಪ್ಪು ತುಂಬಿದ ಕುಣಿಗೆ ಇಳಿಯಿತು. ದಾರಿ ತಪ್ಪಿದ ಕರೆಂಟು ಮನುಷ್ಯರ ಮೈ ಬಿಟ್ಟು ಮಣ್ಣಿಗೇ ಹೋಗಲಿ ಎಂದು. ಆ ಕುಣಿ ಒಣಗಬಾರದೆಂದು ಕೇಳಿದ ಸಾವಿತ್ರಿಬಾಯಿ, ಅಂಗಡಿಗೆ ಬಂದಾಗಲೆಲ್ಲ ತುಳಸಿಗೆ ಹಾಕುವ ಹಾಗೆ ಅದಕ್ಕೊಂದು ಚರಿಗೆ ನೀರು ಹಾಕತೊಡಗಿದಳು.

ಎಲ್ಲ ಆದ ಮೇಲೆ ಕಲ್ಯಾಣಪ್ಪ ಗಾದಿ ಸರಿಸಿ, ಕಲ್ಲಿನ ಮೇಲೆ ಒಂದು ಕೊಡ ನೀರು ಸುರಿದು, ಚಪ್ಪಲಿ ಕಳೆದು ನಿಂತ. ಟೆಸ್ಟರು ಮುಟ್ಟಿಸಿದ. ದೀಪ ಹತ್ತಲಿಲ್ಲ. ಕೈಯ ಹಿಂಭಾಗ ಮುಟ್ಟಿಸಿದ, ಅಂಗೈಯಾದರೆ ಕರೆಂಟು ಹಿಡಿದುಕೊಂಡುಬಿಡುತ್ತದೆ ಎಂದು. ಅಣ್ಣ ಗಾದಿಯ ಸುರುಳಿಯ ಮೇಲೆ ಕೂತು ನೋಡುತ್ತಿದ್ದ. “ಹೂಂ” ಎಂದು ಎದ್ದು ಹೋದ.

ಆ ವರ್ಷವಿಡೀ ಕಲ್ಯಾಣಪ್ಪ ಗಾದಿಯ ಮೇಲೆ ಕೂತು ಚಾದರು ಬಿಚ್ಚಿ ಹಾಸಿದ. ದಿನವೂ ಅಂಗಡಿ ತೆರೆದ ಕೂಡಲೇ ಅವನ ಮೊದಲ ಕೆಲಸ ಬರಿಗಾಲಲ್ಲಿ ನಿಂತು ಮಶೀನಿಗೆ ಟೆಸ್ಟರು ಮುಟ್ಟಿಸುವುದು. ಎದುರಿನ ಚಹಾದಂಗಡಿಯವರು ಅವನು ಮಶೀನಿಗೆ ನಾಡಿ ಹಿಡಿಯುತ್ತಾನೆಂದು ನಗುತ್ತಿದ್ದರು. ನಗಲಿ.

ಮತ್ತೆ ಖಂಡೇನವಮಿ ಬಂತು. ಗಾದಿ ಬಿಸಿಲಿಗೆ ಹೋಯಿತು, ನೆಲ ಒದ್ದೆಯಾಯಿತು, ಮಣೆಯ ಮೇಲೆ ಮಶೀನು ಮಾಲೆ ಹಾಕಿಕೊಂಡು ಕೂತಿತು, ಹಸಿರು ಸೊನ್ನೆ ಹೊತ್ತಿತು. ಪೇಟೆಯ ಅರ್ಧ ಮಂದಿ ನೋಡಲು ಬಂದಿದ್ದರು, ಆದರೆ ಹೊಸ್ತಿಲ ಒಳಗೆ ಯಾರೂ ಕಾಲಿಡಲಿಲ್ಲ. ಧೂಳಪ್ಪ ತಲೆಗೆ ಪಟಕ ಸುತ್ತಿಕೊಂಡು ದೂರ ನಿಂತಿದ್ದ. ಸುಗಲಾಬಾಯಿ ಕೂಡ ಈ ಸಲ ಬಾಗಿಲಲ್ಲೇ ಉಳಿದಳು.

ಸಾವಿತ್ರಿಬಾಯಿ ಬರಿಗಾಲಲ್ಲಿ ಒಳಗೆ ಬಂದಳು. ಸೊಂಟದ ಮೇಲೆ ಮೊಮ್ಮಗಳು. ಈಗ ಅದಕ್ಕೆ ನಾಲ್ಕು ಹಲ್ಲು, ಕೆಂಪು ಲಂಗ, ಈಗಷ್ಟೇ ಎರೆದ ಒದ್ದೆ ಮೈ. ಹಸಿರು ಬೆಳಕು ಕಂಡದ್ದೇ ಕೂಸು ಎರಡೂ ಕೈ ಚಾಚಿ ಅದರ ಕಡೆಗೆ ಬಗ್ಗಿತು. ಸಾವಿತ್ರಿಬಾಯಿ ನಿಂತು ಮೈದುನನ ಮುಖ ನೋಡಿದಳು.

“ಮುಟ್ಟಸ್ಲೇನೋ?” ಎಂದಳು.

ಹೋದ ವರ್ಷ ‘ನಡೀತದ ಬಿಡೋ’ ಎಂದ ಅದೇ ಬಾಯಿ. ಕಲ್ಯಾಣಪ್ಪ ಮಾತಾಡಲಿಲ್ಲ. ಚಪ್ಪಲಿ ಕಳೆದ. ಉಮಾಬಾಯಿಯ ತಂಬಿಗೆಯ ನೀರನ್ನು ತನ್ನ ಕಾಲಿನ ಮೇಲೆ ಸುರಿದುಕೊಂಡ, ಕೈ ತೊಯ್ಸಿಕೊಂಡ. ಮೊದಲು ಟೆಸ್ಟರು, ಆಮೇಲೆ ಕೈಯ ಹಿಂಭಾಗ, ಆಮೇಲೆ ಎರಡೂ ಅಂಗೈ ಪೂರ್ತಿ ತಗಡಿಗೆ ಒತ್ತಿ ಹಿಡಿದ. ಹಿಡಿದೇ ನಿಂತ. ಪಕ್ಕಕ್ಕೆ ಸರಿದಾಗ ಅವನ ಕಣ್ಣು ತುಂಬಿದ್ದವು.

“ಮುಟ್ಟಸ್ರಿ ವೈನಿ.”

ಕೂಸು ಕಾಯಲಿಲ್ಲ. ಒದ್ದೆ ಅಂಗೈಯಿಂದ ತಗಡಿಗೆ ಫಟ್ಟೆಂದು ಒಂದು ಏಟು ಹಾಕಿತು, ಆಮೇಲೆ ಗುಂಡಿಗಳ ಮೇಲೆ ಎರಡೂ ಕೈಯಿಂದ ತಬಲಾ ಬಾರಿಸಿತು. ಕಿಟಕಿಯ ತುಂಬ ಅಂಕಿಗಳು ಹೊತ್ತಿಕೊಂಡವು. ಕೂಸು ಕೇಕೆ ಹಾಕಿ ನಕ್ಕಿತು. ಬೇರೇನೂ ಆಗಲಿಲ್ಲ. ಏನೂ ಅಂದರೆ ಏನೂ ಆಗಲಿಲ್ಲ.

ಶಾಂತಲಿಂಗಪ್ಪ ಬಗ್ಗಿ ಕಿಟಕಿಯ ಅಂಕಿಯನ್ನು ಕೊನೆತನಕ ಓದಿದ. “ಬರೋಬ್ಬರಿ ಅದ” ಎಂದ, ಯಾವ ಲೆಕ್ಕವೋ ಶಿವನೇ ಬಲ್ಲ. ಓದುತ್ತಾ ಓದುತ್ತಾ ಸೊಂಟದ ಗೊಂಚಲಿನಿಂದ ಒಂದು ಕೀಲಿಯನ್ನು ಬಿಡಿಸಿ ಮಣೆಯ ಮೇಲೆ ಇಟ್ಟ.

‘ಕಲ್ಯಾಣ ರೇಡಿಯೋ’ದಲ್ಲಿ ಕಪಾಟು ಬಂತು, ಟೇಬಲ್ಲು ಬಂತು, ಗಿರಾಕಿಗಳಿಗೆ ಕೂರಲು ಕಟ್ಟಿಗೆಯ ಬಾಕು ಬಂತು. ಗಾದಿ ಹಾಕಿಸಿಕೊಡುತ್ತೇನೆಂದು ಅಣ್ಣ ಎಷ್ಟು ಹೇಳಿದರೂ ಕಲ್ಯಾಣಪ್ಪ ಒಪ್ಪಲಿಲ್ಲ. ಟೇಬಲ್ಲಿನ ಮುಂದೆ ನೆಲದ ಮೇಲೆ ಯಾವಾಗಲೂ ಒಂದು ಒದ್ದೆ ಗೋಣಿಚೀಲ ಹಾಸಿರುತ್ತಿತ್ತು. ರಿಪೇರಿಯಾದ ಪ್ರತಿಯೊಂದು ಸೆಟ್ಟನ್ನೂ ಅವನು ಚಪ್ಪಲಿ ಕಳೆದು ಅದರ ಮೇಲೆ ನಿಂತು, ಮೊದಲು ತಾನು ಮುಟ್ಟಿ, ಆಮೇಲೆ ಗಿರಾಕಿಯ ಕೈಗೆ ಕೊಡುತ್ತಿದ್ದ.